ಮೇಲಂಗಿಯ ಕೆಳಗಿನ ಗಾಲಿಗಳು

1936ರ ಜೂನ್ 27ರ ರಾತ್ರಿ ಫಿಲಡೆಲ್ಫಿಯದ ಫ್ರಾಂಕ್ಲಿನ್ ಫೀಲ್ಡ್ ಕ್ರೀಡಾಂಗಣದಲ್ಲಿ, ಎರಡನೆಯ ಬಾರಿಗೆ ಅಮೆರಿಕದ ಅಧ್ಯಕ್ಷಪದವಿಯ ಉಮೇದುವಾರಿಕೆಯನ್ನು ಸ್ವೀಕರಿಸಲೆಂದು ಮಗನ ತೋಳನ್ನಾಶ್ರಯಿಸಿ ವೇದಿಕೆಯ ಕಡೆಗೆ ಹೆಜ್ಜೆಯಿಡುತ್ತಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟರು, ವೃದ್ಧಕವಿ ಎಡ್ವಿನ್ ಮಾರ್ಕ್‌ಹ್ಯಾಮರ ಕೈಕುಲುಕಲು ಬಾಗಿದಾಗ, ಕಾಲಿಗೆ ಬಿಗಿದಿದ್ದ ಉಕ್ಕಿನ ಪಟ್ಟಿಯ ಕೀಲು ಸಡಿಲಿ ಆಯತಪ್ಪಿ ಉರುಳಿದರು. ಭಾಷಣದ ಹಾಳೆಗಳು ಚೆದುರಿದುವು. ಅಂಗರಕ್ಷಕರು ಎತ್ತಿ ನಿಲ್ಲಿಸಿ, ಬಟ್ಟೆಯ ಮಣ್ಣು ಕೊಡವಿ, ಹಾಳೆಗಳನ್ನು ಆಯ್ದುಕೊಟ್ಟರು. ಸ್ವಲ್ಪ ಹೊತ್ತಿನಲ್ಲಿಯೇ ಆ ಪ್ರಸಿದ್ಧ ಕಂಠ ಕ್ರೀಡಾಂಗಣವನ್ನು ತುಂಬಿತು. ಆ ಪತನದ ಚಿತ್ರ ಮಾತ್ರ ಮರುದಿನದ ಪತ್ರಿಕೆಗಳಲ್ಲಿ ಬರಲಿಲ್ಲ.

1921ರ ಆಗಸ್ಟಿನಲ್ಲಿ, ತಮ್ಮ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಪೋಲಿಯೊ ಎಂದು ವೈದ್ಯರು ಗುರುತಿಸಿದ ವ್ಯಾಧಿಯಿಂದ ಕಾಲುಗಳ ಶಕ್ತಿಯನ್ನು ಕಳೆದುಕೊಂಡ ರೂಸ್‌ವೆಲ್ಟರು ಬಳಸುತ್ತಿದ್ದ ಗಾಲಿಕುರ್ಚಿ ಆಸ್ಪತ್ರೆಯ ಸರಕಲ್ಲ. ಮನೆಯ ಸಾಧಾರಣ ಕುರ್ಚಿಯೊಂದಕ್ಕೆ ಗಾಲಿಗಳನ್ನು ಜೋಡಿಸಿ, ಇಕ್ಕಟ್ಟಾದ ಬಾಗಿಲುಗಳಲ್ಲಿಯೂ ಸಲೀಸಾಗಿ ಹಾಯುವಂತೆ, ಕುರ್ಚಿಗೆ ಕೈಗಳಿಲ್ಲದಂತೆ ತಾವೇ ರೂಪಿಸಿಕೊಂಡುದು. ಅದು ಜನರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವ ಹೊಣೆ ಪತ್ರಿಕಾ ಕಾರ್ಯದರ್ಶಿ ಸ್ಟೀಫನ್ ಅರ್ಲಿಯವರದಾಗಿದ್ದಿತು. ಛಾಯಾಗ್ರಾಹಕರು ಬಹುಮಟ್ಟಿಗೆ ಒಪ್ಪಿ ನಡೆದರು. ಒಪ್ಪದವರ ಫಿಲ್ಮನ್ನು ರಕ್ಷಣಾದಳದವರು ಕಿತ್ತುಕೊಂಡದ್ದೂ ಉಂಟು. ಹಾಗೆಂದು ಜನತೆಗೆ ವ್ಯಾಧಿಯ ಸಂಗತಿಯೇ ಗೊತ್ತಿರಲಿಲ್ಲವೆಂದು ಭಾವಿಸಬಾರದು: 1934ರಿಂದ ಅವರ ಹುಟ್ಟುಹಬ್ಬದಂದು ಪೋಲಿಯೊ ಪೀಡಿತರ ಸಹಾಯಾರ್ಥವಾಗಿ ನೃತ್ಯಕೂಟಗಳು ದೇಶಾದ್ಯಂತ ನಡೆಯುತ್ತಿದ್ದುವು. ರೋಗವನ್ನು ಹೇಳಬಹುದಿತ್ತು, ಕುರ್ಚಿಯನ್ನು ತೋರಿಸುವಂತಿರಲಿಲ್ಲ.

ಪ್ರೇಕ್ಷಕರು ಅದನ್ನು ಸಹಿಸುತ್ತಿರಲಿಲ್ಲವೆ? ಅದೇ ದಶಕದಲ್ಲಿ, 1938ರಿಂದ ಆರಂಭವಾದ ಡಾಕ್ಟರ್ ಕಿಲ್ಡೇರ್ ಚಿತ್ರಮಾಲೆಯಲ್ಲಿ, ನಿಜಜೀವನದಲ್ಲಿಯೂ ಗಾಲಿಕುರ್ಚಿಯನ್ನು ಬಳಸುತ್ತಿದ್ದ ನಟ ಲಯನೆಲ್ ಬ್ಯಾರಿಮೋರರು ಹಿರಿಯ ವೈದ್ಯ ಗಿಲೆಸ್ಪಿಯಾಗಿ ಆ ಕುರ್ಚಿಯಲ್ಲಿಯೇ ಕುಳಿತು ಗದರುತ್ತಿದ್ದರು, ಬೋಧಿಸುತ್ತಿದ್ದರು, ಆಸ್ಪತ್ರೆಯನ್ನು ಆಳುತ್ತಿದ್ದರು; ಅಮೆರಿಕದ ಜನ ಟಿಕೆಟು ಕೊಂಡು ಅವರನ್ನು ನೋಡಿದರು, ಮೆಚ್ಚಿದರು. ಆದುದರಿಂದ ಅಂಜಿಕೆಯಿದ್ದುದು ನೋಡುವವರಲ್ಲಿ ಅಲ್ಲ, ತೋರಿಸುವ ಅಧಿಕಾರವುಳ್ಳವರಲ್ಲಿ ಎಂಬುದೇ ನನ್ನ ದೃಢವಾದ ಅಭಿಪ್ರಾಯ.

1945ರ ಮಾರ್ಚ್ 1ರಂದು, ಯಾಲ್ಟಾ ಸಮ್ಮೇಳನದಿಂದ ಹಿಂದಿರುಗಿದ ರೂಸ್‌ವೆಲ್ಟರು ಕಾಂಗ್ರೆಸ್ ಸಭೆಯಲ್ಲಿ ಕುಳಿತೇ ಮಾತನಾಡಿ, ಕಾಲುಗಳಿಗೆ ಬಿಗಿದ ಹತ್ತು ಪೌಂಡು ಉಕ್ಕಿನ ಭಾರವನ್ನು ತಾವೇ ಪ್ರಸ್ತಾಪಿಸಿ ಕ್ಷಮೆ ಬೇಡಿದರು. ಆರು ವಾರಗಳಲ್ಲಿ ತೀರಿಕೊಂಡರು.

ಅನಂತರ ರಂಗಭೂಮಿ ಆ ಕುರ್ಚಿಯನ್ನು ಹೊರತಂದಿತು. 1958ರಲ್ಲಿ ಡೋರ್ ಷೇರಿಯವರ ‘ಸನ್‌ರೈಸ್ ಅಟ್ ಕ್ಯಾಂಪೊಬೆಲ್ಲೊ’ ನಾಟಕದಲ್ಲಿಯೂ, ಎರಡು ವರ್ಷಗಳ ತರುವಾಯ ಅದರ ಚಲನಚಿತ್ರದಲ್ಲಿಯೂ ರಾಲ್ಫ್ ಬೆಲ್ಲಮಿಯವರು ಗಾಲಿಕುರ್ಚಿಯ ರೂಸ್‌ವೆಲ್ಟರಾದರು. ಆದರೆ ಕಥೆಯ ಓಟವೆಲ್ಲ 1924ರ ಪಕ್ಷಾಧಿವೇಶನದಲ್ಲಿ ನಾಯಕನು ಎದ್ದು ನಿಲ್ಲುವ ಕ್ಷಣದ ಕಡೆಗೇ. 1881ರಷ್ಟು ಹಿಂದೆಯೇ ಯೊಹಾನಾ ಸ್ಪೀರಿಯವರ ‘ಹೈಡಿ’ ಕಥೆಯಲ್ಲಿ ಬಾಲಕಿ ಕ್ಲಾರಳ ಕುರ್ಚಿ ಬೆಟ್ಟದಿಂದುರುಳಿ ನುಚ್ಚುನೂರಾಗಿ, ಅವಳು ನಡೆಯತೊಡಗುತ್ತಾಳೆ. ಕುರ್ಚಿಯನ್ನು ಬಿಟ್ಟೇಳುವುದೊಂದೇ ಸುಖಾಂತವೆಂಬ ಈ ಹಳೆಯ ಕಟ್ಟಳೆ, ಏಳಲಾಗದ, ಏಳುವ ಅಗತ್ಯವೂ ಇಲ್ಲದ ಸಾವಿರಾರು ಮಂದಿಯ ಬಾಳನ್ನು ಕಥೆಯ ಹೊರಗಿರಿಸುತ್ತದೆ. ಅದು ನನ್ನನ್ನು ನೋಯಿಸುತ್ತದೆ.

ಬಚ್ಚಿಟ್ಟ ಕಥೆಯನ್ನು ಬಿಚ್ಚಿಟ್ಟವರು, ಸ್ವತಃ ಪೋಲಿಯೊದಿಂದ ಗಾಲಿಕುರ್ಚಿಯನ್ನು ಅವಲಂಬಿಸಿದ್ದ ಹ್ಯೂ ಗಲ್ಲಾಗರರು. 1985ರ ತಮ್ಮ ಗ್ರಂಥದಲ್ಲಿ ಅವರು, ರೂಸ್‌ವೆಲ್ಟ್ ಗ್ರಂಥಾಲಯದ 35,000ಕ್ಕೂ ಮಿಕ್ಕ ಛಾಯಾಚಿತ್ರಗಳಲ್ಲಿ ಗಾಲಿಕುರ್ಚಿ ಕಾಣುವಂಥವು ಎರಡೇ ಎಂದು ಬರೆದರು. ಬಳಿಕ ಇನ್ನೂ ಕೆಲವು ಸಿಕ್ಕಿವೆ.

ಇಷ್ಟಾದರೂ, 1997ರ ಮೇ 2ರಂದು ವಾಷಿಂಗ್ಟನ್ನಿನಲ್ಲಿ ಸಮರ್ಪಿತವಾದ ಸ್ಮಾರಕದಲ್ಲಿ ನೀಲ್ ಎಸ್ಟರ್ನರ ಶಿಲ್ಪದ ರೂಸ್‌ವೆಲ್ಟರು ವಿಶಾಲವಾದ ಮೇಲಂಗಿಯನ್ನು ಹೊದ್ದೇ ಕುಳಿತಿದ್ದರು. ಚಿಕ್ಕ ಗಾಲಿಗಳು ಹಿಂದೆ ಹೋಗಿ ಬಗ್ಗಿ ನೋಡಿದವರಿಗಷ್ಟೇ ಕಾಣುತ್ತಿದ್ದುವು. ಅವರು ಲೋಕಕ್ಕೆ ಕಾಣಬಯಸಿದಂತೆಯೇ ತೋರಿಸಬೇಕೆಂದು ಒಂದು ಪಕ್ಷ ವಾದಿಸಿತು; ಮೊಮ್ಮಕ್ಕಳಲ್ಲಿಯೇ ಎರಡು ಅಭಿಪ್ರಾಯಗಳಿದ್ದುವು. ಗಾಲಿಕುರ್ಚಿಯನ್ನು ಬಳಸುತ್ತಿದ್ದ ಆಲನ್ ರೀಚರ ಮುಂದಾಳುತನದಲ್ಲಿ ಅಂಗವಿಕಲರ ರಾಷ್ಟ್ರೀಯ ಸಂಘಟನೆ ಪಟ್ಟುಹಿಡಿದು 16.5 ಲಕ್ಷ ಡಾಲರುಗಳನ್ನು ಕೂಡಿಸಿತು. 2001ರ ಜನವರಿ 10ರಂದು ಸ್ಮಾರಕದ ಪ್ರವೇಶದಲ್ಲಿಯೇ ರಾಬರ್ಟ್ ಗ್ರಹಾಮರ ಪ್ರತಿಮೆ ಅನಾವರಣಗೊಂಡಿತು: ಆಳೆತ್ತರದ್ದು, ಪೀಠವಿಲ್ಲದ್ದು, ಕೈಗಳಿಲ್ಲದ ಆ ಸ್ವಯಂಕಲ್ಪಿತ ಕುರ್ಚಿಯಲ್ಲಿ ಕುಳಿತದ್ದು. ಎಸ್ಟರ್ನರ ಪ್ರತಿಮೆಯನ್ನು ತೆಗೆಯದೆ ಉಳಿಸಿಕೊಂಡುದೂ ಸರಿಯೆಂದೇ ನಾನು ತಿಳಿಯುತ್ತೇನೆ. ಹನ್ನೆರಡು ವರ್ಷ ಒಂದು ದೇಶವು ತನ್ನ ಅಧ್ಯಕ್ಷನ ಕುರ್ಚಿಯ ಮೇಲೆ ಹೊದಿಸಿದ್ದ ಆ ಮೇಲಂಗಿಯೂ ಇತಿಹಾಸದ ಭಾಗವೇ, ಅದನ್ನು ಮರೆಮಾಡುವುದು ಮತ್ತೊಂದು ಮರೆಮಾಚುವಿಕೆಯಾಗುತ್ತಿತ್ತು.