ಟೀಚರ್ ಯಾರಲ್ಲಿ ಹೇಳಿಕೊಳ್ಳಬೇಕು?

ಮೇ ತಿಂಗಳ ನಡುವಿನಲ್ಲಿ ಒಂದು ಫೋನ್ ಬಂತು. “ಟೀಚರ್, ಜೂನ್‌ನಿಂದ ನೀವು ಬರುವುದು ಬೇಡ.” ಕಾರಣ ಕೇಳಿದರೆ “ಕಮಿಟಿಯ ತೀರ್ಮಾನ” ಎಂದರಂತೆ. ಒಂಬತ್ತು ವರ್ಷ ಕಲಿಸಿದ ಖಾಸಗಿ ಶಾಲೆಯಿಂದ ನನ್ನ ಗೆಳತಿಗೆ ಸಿಕ್ಕಿದ ಬೀಳ್ಕೊಡುಗೆ ಇಷ್ಟೇ. ನೇಮಕಾತಿ ಪತ್ರ ಕೊಟ್ಟಿರಲೇ ಇಲ್ಲ. ಬಿ.ಎಡ್. ಅಂಕಪಟ್ಟಿಯ ಮೂಲಪ್ರತಿ ಮಾತ್ರ ಶಾಲೆಯ ಕಪಾಟಿನಲ್ಲಿತ್ತು.

ಆಕೆ ಎರಡು ತಿಂಗಳು ಯಾರಲ್ಲೂ ಬಾಯಿಬಿಡಲಿಲ್ಲ. ಸಂಚಾಲಕರು ಗಂಡನ ಕಡೆಯ ದೂರದ ಸಂಬಂಧಿ. ಮದುವೆ, ಮಯ್ಯಿತ್ ಎಂದು ಎದುರುಬದುರಾಗಲೇಬೇಕಾದವರು. “ನಮ್ಮವರ ಶಾಲೆ, ಗಲಾಟೆ ಬೇಡ” ಎಂದು ಅತ್ತೆಯೂ ಹೇಳಿದರು. ನಮ್ಮಲ್ಲಿ ಎಷ್ಟೋ ಶಿಕ್ಷಕಿಯರ ದೂರು ಹೀಗೆ ಅಡುಗೆಮನೆಯಲ್ಲೇ ಮುಗಿಯುತ್ತದೆ. ಆದರೆ ಕಾನೂನಿನ ಗಡುವು ನಮ್ಮ ಸಂಕೋಚಕ್ಕಾಗಿ ಕಾಯುವುದಿಲ್ಲ.

ಶಿಕ್ಷಕರು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದೆಂದು ಹಲವರು ತಿಳಿದಿದ್ದಾರೆ. ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ‘ಕಾರ್ಮಿಕ’ರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲಿಯೇ ಹೇಳಿದೆ. ನಮ್ಮ ರಾಜ್ಯದಲ್ಲಿ ಅವರಿಗಿರುವ ದಾರಿ ಬೇರೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಕಲಮಿನಂತೆ ವಿಚಾರಣೆ ನಡೆಸದೆ ಖಾಸಗಿ ಶಾಲೆಯ ಶಿಕ್ಷಕಿಯನ್ನು ವಜಾ ಮಾಡುವಂತಿಲ್ಲ. ವಜಾ ಮಾಡಿದರೆ, ಆದೇಶ ತಲುಪಿದ ಮೂರು ತಿಂಗಳೊಳಗೆ 94ನೇ ಕಲಮಿನಡಿ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. (ಸಿ.ಬಿ.ಎಸ್.ಇ., ಐ.ಸಿ.ಎಸ್.ಇ. ಶಾಲೆಯವರು ತಮಗೆ ಯಾವ ನಿಯಮ ಅನ್ವಯವೆಂದು ವಕೀಲರಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.) “ನಮ್ಮದು ಅಲ್ಪಸಂಖ್ಯಾತ ಸಂಸ್ಥೆ, ನಮ್ಮನ್ನು ಕೇಳುವವರಿಲ್ಲ” ಎನ್ನುವ ಆಡಳಿತ ಮಂಡಳಿಗಳೂ ಇವೆ. ಅಂಥ ಸಂಸ್ಥೆಗಳ ಸಿಬ್ಬಂದಿಗೂ ದೂರು ಹೇಳಲು ನ್ಯಾಯಮಂಡಳಿ ಇರಬೇಕೆಂದು 2002ರ ಟಿ.ಎಂ.ಎ. ಪೈ ತೀರ್ಪು ಹೇಳಿದೆ.

ಬಾಯಿಮಾತಿನಲ್ಲಿ ಕೆಲಸದಿಂದ ತೆಗೆದರೆ ಸುಮ್ಮನಿರಬೇಡಿ. “ನಾನು ಕೆಲಸಕ್ಕೆ ಸಿದ್ಧಳಿದ್ದೇನೆ, ಕಾರಣವನ್ನು ಲಿಖಿತವಾಗಿ ತಿಳಿಸಿ” ಎಂದು ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಬರೆದು ರಶೀದಿ ಇಟ್ಟುಕೊಳ್ಳಿ. ಎಷ್ಟೇ ಒತ್ತಾಯಿಸಿದರೂ ಅವರೇ ಬರೆದು ತಂದ ರಾಜೀನಾಮೆಗೆ ಸಹಿ ಹಾಕಬೇಡಿ. ನೇಮಕಾತಿ ಪತ್ರ ಇಲ್ಲದಿದ್ದರೂ ಸಂಬಳ ಜಮೆಯಾದ ಪಾಸ್‌ಬುಕ್, ವೇಳಾಪಟ್ಟಿ, ನಿಮ್ಮ ಸಹಿಯಿರುವ ಪ್ರಗತಿಪತ್ರದ ಪ್ರತಿ, ಪಿ.ಎಫ್. ಖಾತೆ ಇವೆಲ್ಲ ಪುರಾವೆಗಳೇ. ಸಂಬಳವನ್ನು ಕೈಯಲ್ಲಿ ಕೊಟ್ಟು, ಕೊಟ್ಟದ್ದಕ್ಕಿಂತ ಹೆಚ್ಚು ಮೊತ್ತಕ್ಕೆ ಸಹಿ ಹಾಕಿಸಿಕೊಳ್ಳುವ ಕಡೆ ಏನು ಮಾಡುವುದು? ಕನಿಷ್ಠ ತಿಂಗಳು ತಿಂಗಳಿನ ಲೆಕ್ಕವನ್ನಾದರೂ ಡೈರಿಯಲ್ಲಿ ಬರೆದಿಡಿ.

ಕೆಲಸ ಹೋದರೂ ಗ್ರಾಚ್ಯುಯಿಟಿ ಹೋಗುವುದಿಲ್ಲ. ಶಿಕ್ಷಕರಿಗೂ ಅದು ಸಲ್ಲಬೇಕೆಂದು 2009ರಲ್ಲಿ ತಿದ್ದುಪಡಿ ಬಂತು. ಖಾಸಗಿ ಶಾಲೆಗಳು ಪ್ರಶ್ನಿಸಿದಾಗ 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಐದು ವರ್ಷ ಸೇವೆ ಪೂರೈಸಿದವರಿಗೆ ವರ್ಷಕ್ಕೆ 15 ದಿನಗಳ ವೇತನ. ತಿಂಗಳನ್ನು 26 ದಿನವೆಂದು ಹಿಡಿಯುತ್ತಾರೆ. ಗೆಳತಿಯ ಕೊನೆಯ ಸಂಬಳ 13,000 ರೂ. ಅಂದರೆ ವರ್ಷಕ್ಕೆ 7,500, ಒಂಬತ್ತು ವರ್ಷಕ್ಕೆ 67,500 ರೂ. ಲೆಕ್ಕ ಹಾಕಿ ತೋರಿಸಿದಾಗ ಆಕೆ ಎರಡು ಬಾರಿ ಕೂಡಿಸಿ ನೋಡಿದರು.

ಕಿರುಕುಳ ಅದಕ್ಕಿಂತ ಸೂಕ್ಷ್ಮ ವಿಷಯ. 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಶಾಲೆಯಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಸಮಿತಿ ಇಲ್ಲದಿದ್ದರೆ, ಅಥವಾ ದೂರು ಶಾಲೆಯ ಮಾಲಿಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಇಲ್ಲಿಯೂ ಗಡುವು ಮೂರು ತಿಂಗಳು.

ವಕೀಲರ ಫೀಸಿಗೆ ಹೆದರುವ ಸಹೋದರಿಯರಿಗೆ ಒಂದು ಮಾತು. ಆದಾಯ ಎಷ್ಟೇ ಇರಲಿ, ಮಹಿಳೆಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯನ್ನು ವಿಚಾರಿಸಿ. 15100ಕ್ಕೆ ಕರೆ ಮಾಡಿದರೂ ಆದೀತು.

ಗೆಳತಿ ನ್ಯಾಯಮಂಡಳಿಗೆ ಹೋಗಲಿಲ್ಲ. ಹೋಗಬೇಕಿತ್ತೆಂದು ನನಗೆ ಈಗಲೂ ಅನಿಸುತ್ತದೆ, ಆದರೆ ಆ ಮನೆಯಲ್ಲಿ ಬಾಳುವವರು ಅವರು. ಗ್ರಾಚ್ಯುಯಿಟಿಗೆ ಮಾತ್ರ ಪತ್ರ ಬರೆದರು. ಎರಡನೆಯ ಪತ್ರದ ನಂತರ ಹಣವೂ ಅಂಕಪಟ್ಟಿಯೂ ಬಂದವು. ಈಗ ಬೇರೊಂದು ಶಾಲೆಯಲ್ಲಿದ್ದಾರೆ. ಸೇರಿದ ದಿನ ಅಲ್ಲಿಯೂ ಮೂಲ ಅಂಕಪಟ್ಟಿ ಕೇಳಿದರಂತೆ. ತೋರಿಸಿ, ಜೆರಾಕ್ಸ್ ಕೊಟ್ಟು, ಅದನ್ನು ಮರಳಿ ಬ್ಯಾಗಿಗೆ ಹಾಕಿಕೊಂಡು ಬಂದರು.