ಕಾಯುವುದೂ ಗಣಕಕ್ಕೆ ಒಂದು ಕೆಲಸ

ಗಣಕಯಂತ್ರದ ವೇಗವನ್ನು ಕೊಂಡಾಡುವವರು ಬಹಳ. ಆದರೆ ಜಾಲತಾಣಗಳ ಹಿಂದೆ ದುಡಿಯುವ ಸರ್ವರ್ ಗಣಕಗಳು ಹೊತ್ತು ಕಳೆಯುವುದು ಹೆಚ್ಚಾಗಿ ಕಾಯುವುದರಲ್ಲೇ. ಮೂರು ಗಿಗಾಹರ್ಟ್ಸ್‌ನ ಪ್ರೊಸೆಸರ್ ಸೆಕೆಂಡಿಗೆ 300 ಕೋಟಿ ಬಾರಿ ಮಿಡಿಯುತ್ತದೆ. ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ಕರಾವಳಿಗೆ ಹೋದ ಸಂದೇಶಕ್ಕೆ ಮರುತ್ತರ ಬರಲು ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ 75 ಕೋಟಿ ಮಿಡಿತಗಳು ಕಳೆದಿರುತ್ತವೆ. ಆದ್ದರಿಂದ ಸರ್ವರ್ ಒಂದೇ ವೇಳೆಗೆ ಎಷ್ಟು ಮಂದಿಯನ್ನು ನಿಭಾಯಿಸಬಲ್ಲುದೆಂಬುದು ಅದು ಕಾಯುವ ರೀತಿಯನ್ನೂ ಅವಲಂಬಿಸಿದೆ.

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ತೆರೆದ ಕಡತಕ್ಕೂ ದೂರದ ಗಣಕದೊಡನೆ ಏರ್ಪಟ್ಟ ಸಂಪರ್ಕಕ್ಕೂ ಒಂದೊಂದು ಸಂಖ್ಯೆ ಇರುತ್ತದೆ. ಪ್ರೋಗ್ರಾಂ ಆ ಸಂಖ್ಯೆಯನ್ನು ಸೂಚಿಸಿ ‘ಓದು’ ಎಂದಾಗ ಮಾಹಿತಿ ಇನ್ನೂ ಬಂದಿರದಿದ್ದರೆ, ವ್ಯವಸ್ಥೆಯ ತಿರುಳಾದ ಕರ್ನೆಲ್ ಆ ಪ್ರೋಗ್ರಾಮನ್ನೇ ಮಲಗಿಸುತ್ತದೆ. ಮಾಹಿತಿ ಬಂದೊಡನೆ ಎಬ್ಬಿಸುತ್ತದೆ. ಬಳಕೆದಾರ ಒಬ್ಬನೇ ಆದರೆ ಇದು ಸೊಗಸಾದ ಏರ್ಪಾಡು. ಇಬ್ಬರಾದರೆ, ಮೊದಲನೆಯವನಿಗಾಗಿ ಮಲಗಿದ ಪ್ರೋಗ್ರಾಮಿಗೆ ಎರಡನೆಯವನ ಕೂಗು ಕೇಳಿಸದು. ಒಬ್ಬೊಬ್ಬರಿಗೂ ಪ್ರತ್ಯೇಕ ಪ್ರಕ್ರಿಯೆಯನ್ನು ಮೀಸಲಿಡುವುದು ಒಂದು ದಾರಿ. ಅಪಾಚೆ ಸರ್ವರ್ ಬಹುಕಾಲ ಹಿಡಿದದ್ದು ಇದನ್ನೇ. ಮೇಜಿಗೊಬ್ಬ ಮಾಣಿಯನ್ನಿಟ್ಟ ಹೋಟೆಲಿನಂತೆ, ಜನ ಹೆಚ್ಚಿದಾಗ ಗಣಕದ ಸ್ಮೃತಿಯೆಲ್ಲ ಮಾಣಿಗಳ ಸಂಬಳಕ್ಕೇ ಸವೆಯುತ್ತದೆ.

1983ರ 4.2 ಬಿಎಸ್‌ಡಿ ಯುನಿಕ್ಸ್ ತಂದ ‘ಸೆಲೆಕ್ಟ್’ ಇನ್ನೊಂದು ದಾರಿ ತೋರಿತು. ಪ್ರೋಗ್ರಾಂ ತನ್ನ ಸಂಪರ್ಕಗಳ ಪಟ್ಟಿಯನ್ನೆಲ್ಲ ಕರ್ನೆಲ್‌ಗೆ ಒಪ್ಪಿಸಿ, ಯಾರು ಮಾತಾಡಿದರೂ ಎಬ್ಬಿಸೆಂದು ಹೇಳಿ ಮಲಗಬಹುದು. ಆದರೆ ಪ್ರತಿ ಸಲವೂ ಪಟ್ಟಿಯನ್ನು ಹೊಸದಾಗಿ ಒಪ್ಪಿಸಬೇಕು, ಕರ್ನೆಲ್ ಅದನ್ನು ಆದ್ಯಂತ ತಡಕಬೇಕು, ಎದ್ದ ಪ್ರೋಗ್ರಾಮೂ ಮತ್ತೆ ತಡಕಬೇಕು. ಸಾಲದ್ದಕ್ಕೆ ಸಾಮಾನ್ಯವಾಗಿ 1024 ಸಂಖ್ಯೆಗಳ ಮಿತಿ ಬೇರೆ. ಆ ಬಳಿಕ ಬಂದ ‘ಪೋಲ್’ ಮಿತಿಯನ್ನು ಕಿತ್ತುಹಾಕಿತು. ತಡಕಾಟವನ್ನು ಹಾಗೇ ಬಿಟ್ಟಿತು.

ಒಂದೇ ಸರ್ವರ್ ಹತ್ತು ಸಾವಿರ ಮಂದಿಯನ್ನು ಏಕಕಾಲಕ್ಕೆ ನಿಭಾಯಿಸಲು ಏನು ಮಾಡಬೇಕೆಂದು 1999ರಲ್ಲಿ ಡಾನ್ ಕೆಗೆಲ್ ಕೇಳಿದರು. ‘ಸಿ10ಕೆ’ ಎಂದು ಹೆಸರಾದ ಪ್ರಶ್ನೆ ಇದು. 2000ದಲ್ಲಿ ಫ್ರೀಬಿಎಸ್‌ಡಿಗೆ ‘ಕೆಕ್ಯೂ’ ಬಂತು. 2002ರಲ್ಲಿ ಡೇವಿಡೆ ಲಿಬೆನ್ಜಿ ಅವರ ‘ಇಪೋಲ್’ ಲಿನಕ್ಸ್ ಕರ್ನೆಲ್ ಸೇರಿತು. ಇಪೋಲ್‌ನಲ್ಲಿ ಪ್ರತಿ ಸಂಪರ್ಕವನ್ನು ಒಮ್ಮೆ ನೋಂದಾಯಿಸಿದರೆ ಸಾಕು. ಮಾಹಿತಿ ಬಂದಾಗ ಕರ್ನೆಲ್ ತಾನೇ ಆ ಸಂಪರ್ಕವನ್ನು ಸಿದ್ಧಪಟ್ಟಿಗೆ ಸೇರಿಸುತ್ತದೆ. ಹತ್ತು ಸಾವಿರದಲ್ಲಿ ಐವರು ಮಾತಾಡಿದರೆ ಪ್ರೋಗ್ರಾಮಿನ ಕೈಗೆ ಬರುವುದು ಆ ಐದೇ ಹೆಸರು. ಸುಮ್ಮನೆ ಕುಳಿತವರ ಖರ್ಚು ಹೆಚ್ಚುಕಡಿಮೆ ಇಲ್ಲವೆಂದೇ ಹೇಳಬೇಕು. 2004ರಲ್ಲಿ ಇಗೋರ್ ಸಿಸೋಯೆವ್ ಹೊರತಂದ ಎಂಜಿನ್‌ಎಕ್ಸ್ ಸರ್ವರಿನ ಖ್ಯಾತಿಗೆ ಈ ಬಗೆಯ ಕಾಯುವಿಕೆಯೇ ಬುನಾದಿ.

ಇಪೋಲ್‌ನಲ್ಲಿ ಸೂಚನೆಯ ಬಗೆ ಎರಡು. ಮೊದಲನೆಯದರಲ್ಲಿ, ಪೆಟ್ಟಿಗೆಯಲ್ಲಿ ಪತ್ರ ಉಳಿದಿರುವಷ್ಟು ಕಾಲ ಅಂಚೆಯವನು ಕೇಳಿದಾಗಲೆಲ್ಲ ‘ಪತ್ರವಿದೆ’ ಎನ್ನುತ್ತಾನೆ. ಎರಡನೆಯದರಲ್ಲಿ, ಪತ್ರ ಬಿದ್ದ ಕ್ಷಣ ಒಮ್ಮೆ ಮಾತ್ರ ಗಂಟೆ ಬಾರಿಸಿ ಹೋಗುತ್ತಾನೆ. ವೇಗದಾಸೆಗೆ ಎರಡನೆಯದನ್ನು ಆರಿಸಿದ ಪ್ರೋಗ್ರಾಂ ಬಂದ ಮಾಹಿತಿಯಲ್ಲಿ ಅರ್ಧ ಓದಿ ಮತ್ತೆ ಕಾಯಲು ಕುಳಿತರೆ, ಉಳಿದರ್ಧಕ್ಕೆ ಗಂಟೆ ಬಾರಿಸದು. ಬಳಕೆದಾರ ಉತ್ತರಕ್ಕಾಗಿ, ಸರ್ವರ್ ಬಳಕೆದಾರನಿಗಾಗಿ—ಇಬ್ಬರೂ ಕಾಯುತ್ತಲೇ ಇರುತ್ತಾರೆ. ಯಂತ್ರ ಕುಸಿಯುವುದಿಲ್ಲ, ದೋಷವೂ ದಾಖಲಾಗುವುದಿಲ್ಲ. ಪರೀಕ್ಷೆಯ ವೇಳೆ ಕೋರಿಕೆಗಳು ಚಿಕ್ಕವಾಗಿದ್ದು ಒಂದೇ ಓದಿಗೆ ಮುಗಿಯುವುದರಿಂದ ಈ ಕುತ್ತು ಕಣ್ಣಿಗೂ ಬೀಳದು. ಸಂಪರ್ಕವನ್ನು ಮಲಗಿಸದ ಬಗೆಗೆ ಹೊಂದಿಸಿ, ‘ಸದ್ಯ ಏನೂ ಇಲ್ಲ’ ಎಂದು ಕರ್ನೆಲ್ ಹೇಳುವವರೆಗೂ ಓದುವುದೇ ಇದಕ್ಕೆ ಮದ್ದು. ತೀರ ಅಗತ್ಯವಿಲ್ಲದಿದ್ದರೆ ಮೊದಲನೆಯ ಬಗೆಯೇ ಕ್ಷೇಮ.

ಡಿಸ್ಕಿನ ಸಾಮಾನ್ಯ ಕಡತಗಳನ್ನಂತೂ ಇಪೋಲ್ ನೋಂದಾಯಿಸಿಕೊಳ್ಳುವುದೇ ಇಲ್ಲ. ಈ ಕೊರತೆಯನ್ನು ನೀಗಲು 2019ರಲ್ಲಿ ಯೆನ್ಸ್ ಆಕ್ಸ್‌ಬೋ ‘ಐಒ-ಯೂರಿಂಗ್’ ತಂದರು. ಇಲ್ಲಿ ಕರ್ನೆಲ್ ತಿಳಿಸುವುದು ಕೆಲಸ ಸಿದ್ಧವಾಯಿತೆಂದಲ್ಲ, ಮುಗಿಯಿತೆಂದು. ಆದರೆ ಹೊಸ ಬಾಗಿಲಿನಿಂದ ಕಳ್ಳರೂ ನುಗ್ಗಿದರು. ತನ್ನ ದೋಷಶೋಧ ಬಹುಮಾನ ಯೋಜನೆಗೆ ಬಂದ ಕರ್ನೆಲ್ ದಾಳಿಗಳಲ್ಲಿ ಶೇ. 60ರಷ್ಟು ಇದನ್ನೇ ಬಳಸಿದ್ದವೆಂದು 2023ರಲ್ಲಿ ತಿಳಿಸಿದ ಗೂಗಲ್, ತನ್ನ ಸರ್ವರುಗಳಲ್ಲಿ ಅದರ ಬಳಕೆಗೆ ತಡೆ ಹಾಕಿತು.