ಒಂದು ಗಾಜಿನ ಹೂಜಿಗೆ ಎಷ್ಟು ಕೈ?

ಮೈಸೂರಿನ ಮೇಟಗಳ್ಳಿ ಅಂದ್ರೆ ನೋಟು ಮುದ್ರಣಾಲಯ, ಟೈರು, ಶಿಫ್ಟು ಮುಗಿಸಿ ಬರೋ ಬೈಕುಗಳ ಸಾಲು. ಗಾಜಿನ ಕಲೆ ನೋಡ್ಬೇಕಾ? ಗಾಡಿ ಅರಮನೆ ಕಡೆ ತಿರುಗಿಸಿ. 1912ರಲ್ಲಿ ಮುಗಿದ ಅರಮನೆ ಅದು. ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿದ್ರೆ ಬಣ್ಣದ ಗಾಜಿನ ನವಿಲುಗಳು. ವಿನ್ಯಾಸ ಮೈಸೂರಿನ ಕಲಾವಿದರದ್ದು, ಗಾಜು ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ!

ಅದೇನೋ ಚಪ್ಪಟೆ ಗಾಜು, ವಿನ್ಯಾಸ ಒಂದೂರಲ್ಲಿ, ತಯಾರಿ ಇನ್ನೊಂದೂರಲ್ಲಿ ಆಗಬಹುದು. ಆದ್ರೆ ಬಾಯಲ್ಲಿ ಊದಿ ಮಾಡೋ ಪಾತ್ರೆಗೆ ತಂಡದವರೆಲ್ಲರೂ ಒಂದೇ ಕುಲುಮೆ ಮುಂದೆ ನಿಲ್ಲಬೇಕು. ಒಳಗೆ ಸುಮಾರು 1100 ಡಿಗ್ರಿ ಶಾಖ. ಉದ್ದನೆ ಕೊಳವೆ ಅದ್ದಿ ತಿರುಗಿಸಿದ್ರೆ, ಕರಗಿದ ಗಾಜು ಬೆಲ್ಲದ ಪಾಕದ ಹಾಗೆ ತುದಿಗೆ ಸುತ್ತಿಕೊಳ್ಳುತ್ತೆ. ತಿರುಗಿಸೋದು ನಿಲ್ಸಿದ್ರೆ ಜೋತು ಬೀಳುತ್ತೆ. ಮುಖ್ಯ ಕುಶಲಕರ್ಮಿ ಬೆಂಚಿನಲ್ಲಿ ಕೂತು, ಮಡಚಿ ಒದ್ದೆ ಮಾಡಿದ ನ್ಯೂಸ್‌ಪೇಪರನ್ನ ಅಂಗೈಲಿಟ್ಟು ಬಿಸಿ ಗಾಜಿಗೆ ಆಕಾರ ಕೊಡ್ತಾರೆ. ಹೌದು, ಬರೀ ಪೇಪರು! ಅವರು ಹೇಳಿದಾಗ ಒಬ್ಬರು ಊದ್ತಾರೆ, ಇನ್ನೊಬ್ಬರು ಹಿಡಿಗೆ ಬಿಸಿ ಗಾಜು ತರ್ತಾರೆ. ತಡ ಆದ್ರೆ ಹಿಡಿ ಅಂಟಲ್ಲ. ಕೊನೆಗೆ ಸುಮಾರು 500 ಡಿಗ್ರಿಯ ಗೂಡಿನಲ್ಲಿಟ್ಟು ನಿಧಾನವಾಗಿ ತಣಿಸಬೇಕು. ಅವಸರ ಮಾಡಿದ್ರೆ ಬಿರುಕು.

ಅಮೆರಿಕದ ಗಾಜಿನ ಕಲಾವಿದ ಡೇಲ್ ಚಿಹೂಲಿ ಗೊತ್ತಾ? 1976ರ ಕಾರು ಅಪಘಾತದಲ್ಲಿ ಎಡಗಣ್ಣಿನ ದೃಷ್ಟಿ ಹೋಯ್ತು. 1979ರಲ್ಲಿ ಭುಜಕ್ಕೆ ಪೆಟ್ಟು. ಆಮೇಲೆ ಕೊಳವೆ ಬಿಟ್ಟು ಕುಂಚ ಹಿಡಿದ್ರು. ಅವರು ಬರೆದ ಚಿತ್ರ ನೋಡಿ ತಂಡ ಗಾಜು ಊದುತ್ತೆ. ಆಳೆತ್ತರಕ್ಕೂ ಮೀರಿದ ಶಿಲ್ಪಗಳಾದದ್ದು ಹೀಗೆ. ಖ್ಯಾತಿ ಮಾತ್ರ ಒಂದೇ ಹೆಸರಿಗೆ. ಕುಲುಮೆ ಮುಂದೆ ಬೆಂದವರ ಹೆಸರೂ ಪಕ್ಕದಲ್ಲಿರಲಿ ಅನ್ನೋದು ನನ್ನ ತಕರಾರು.